ನಡುಗಡ್ಡೆಯ ಅಂಚಿನ ಕಲ್ಲು

ಸೋಮನಿಂಗ ಕುರಿ ಕಾಯುವವನು, ನನ್ನ ಬಾಲ್ಯದ ಗೆಳೆಯ. ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ನಮ್ಮ ಊರು ಮುಳುಗಿದಾಗ ಎತ್ತರದ ದಿನ್ನೆಯೊಂದು ನಡುಗಡ್ಡೆಯಾಗಿ ಉಳಿಯಿತು. ಅದರ ಪಡುವಣ ಅಂಚಿನಲ್ಲಿ, ನೀರಿನಡಿ, ಅವನ ತಾಯಿ ಸಾತವ್ವನ ಗೋರಿ, ತಲೆಗೊಂದು ಕಲ್ಲು ನೆಟ್ಟದ್ದು. ಮಣ್ಣು ಕೊಟ್ಟ ವರ್ಷವೇ ಊರು ಬಿಡಬೇಕಾಯಿತು. ಒಮ್ಮೆಯೂ ಗೋರಿಗೆ ಹೋಳಿಗೆಯ ಎಡೆ ಇಡಲಾಗಲಿಲ್ಲ. ಎಲ್ಲದಕ್ಕೂ ನಗುವ ಮನುಷ್ಯ, ಹೋಳಿಗೆ ತಿನ್ನುವಾಗ ಮಾತ್ರ ಸುಮ್ಮನಾಗುತ್ತಿದ್ದ.

ಈ ಬೇಸಿಗೆಯಲ್ಲಿ ನೀರು ಬಹಳ ಇಳಿಯಿತು. ಆ ಅಂಚಿನಲ್ಲಿ ಕಲ್ಲೊಂದು ತಲೆ ಎತ್ತಿದೆ ಎಂದು ಮೀನುಗಾರ ಬಂದಗಿಸಾಬ ಹೇಳಿದ. ಮರುದಿನ ಮುಂಜಾನೆಯೇ ಅವನ ತೆಪ್ಪ ಹತ್ತಿದೆವು. ಸೋಮನಿಂಗನ ಹೆಗಲಿಗೆ ಹೋಳಿಗೆಯ ಗಂಟು.

"ನಿಮ್ಮವ್ವ ಇಷ್ಟೊತ್ತಿಗೆ ಮೀನ ಆಗಿರ್ತಾಳಲೇ ಸೋಮ್ಯಾ," ಎಂದ ಬಂದಗಿಸಾಬ.

"ಆಗಿದ್ರ ನಿನ್ನ ಬಲಿಗೇ ಬಿದ್ದಿರ್ತಾಳ. ಸಂತ್ಯಾಗ ಮಾರಿ ಉಂಡಿರ್ತಿ, ಮಗನ."

ಪಡುವಣದಲ್ಲಿ ಕೆಸರು ಹೆಚ್ಚೆಂದು ತೆಪ್ಪವನ್ನು ಮೂಡಣ ದಂಡೆಗೆ ಹಚ್ಚಿ ಬಂದಗಿಸಾಬ ಅಲ್ಲೇ ಉಳಿದ. ನಾವಿಬ್ಬರು ನೀರಿನ ಅಂಚು ಹಿಡಿದು ನಡುಗಡ್ಡೆಯನ್ನು ಸುತ್ತಿದೆವು. ಹರಿದ ಬಲೆ, ಚಿಪ್ಪು, ಸತ್ತ ಜಾಲಿಯ ಬೊಡ್ಡೆ.

"ಇದು ನಮ್ಮ ಸಾಲಿ ಕಟ್ಟಿ. ನೀ ಇಲ್ಲೇ ಚಡ್ಡ್ಯಾಗ ಉಚ್ಚಿ ಹೊಯ್ಕೊಂಡಿದ್ದಿ, ನೆನಪೈತಿ?" ಎಂದ ಸೋಮನಿಂಗ.

ಬಿಸಿಲು ನೆತ್ತಿಗೆ ಬರುವಾಗ ಕಲ್ಲು ಕಂಡಿತು. ಅವನು ಚಪ್ಪಲಿ ಬಿಟ್ಟ. ನಮಗೂ ಕಲ್ಲಿಗೂ ನಡುವೆ ಬಿರುಕು ಬಿಟ್ಟ ಕರಿ ನೆಲ. ಎರೆ ಭೂಮಿಯವರು ನಾವು, ನೆಲವನ್ನು ಬಿರುಕಿನಿಂದಲೇ ಅಳೆಯುತ್ತೇವೆ: ಗೇಣಗಲ ಬಿಟ್ಟಿದ್ದರೆ ಹೇರಿದ ಬಂಡಿಯೂ ಹೂತುಹೋಗುವುದಿಲ್ಲ. ಅವನು ಕೂತು ಗೇಣು ಹಾಕಿ ನೋಡಿದ.

"ಎತ್ತು ನಿಂತ್ರೂ ನೆಲಾ ಬಗ್ಗಂಗಿಲ್ಲ."

ಆದರೆ ಅದು ಹೊಲವಲ್ಲ, ಹೊಳೆ ತಂದ ಹೂಳು. ಹಾಲಿನ ಕೆನೆಯಂತೆ ಮೇಲಷ್ಟೇ ಒಣಗಿತ್ತು. ಕಲ್ಲು ಇನ್ನೇನು ಕೈಗೆ ಸಿಗಬೇಕು ಎನ್ನುವಲ್ಲಿ ಎದೆಮಟ ಕುಸಿದ. ನಾನು ಬೋರಲು ಮಲಗಿ ಎಸೆದ ಧೋತರ ಅವನಿಗೆ ಎಟುಕಲಿಲ್ಲ. ನನ್ನ ಕೂಗಿಗೆ ಓಡಿಬಂದ ಬಂದಗಿಸಾಬನ ಹಗ್ಗ ಎಟುಕಿತು. ಇಬ್ಬರೂ ಎಳೆದೆವು.

"ಬಿಡ್ರಲೇ! ರಟ್ಟಿ ಕಿತ್ತ ಬರ್ತಾವ!"

ಬಂದಗಿಸಾಬ ಹಲಗೆ, ಜನ ತರಲು ಹೋದ. ಸುತ್ತ ಅಷ್ಟು ನೀರು. ನಾನು ಎಸೆದ ಕುಡಿಯುವ ನೀರಿನ ಬಾಟಲಿ ಕೆಸರಿಗೆ ಬಿತ್ತು. ಸೋಮನಿಂಗ ಗಂಟನ್ನು ತಲೆಯ ಮೇಲೆ ಹಿಡಿದುಕೊಂಡೇ ಇದ್ದ, ಎಡೆ ಮೈಲಿಗೆಯಾಗಬಾರದೆಂದು. ಆಮೇಲೆ ಕೈ ಇಳಿಯಿತು. ಇಳಿಹೊತ್ತಿಗೆ ಜನ ಬರುವಷ್ಟರಲ್ಲಿ ಬಿಸಿಲು ಅವನನ್ನು ಮುಗಿಸಿತ್ತು.

ಹಲಗೆಯ ಮೇಲೆ ನಿಂತು ಬಂದಗಿಸಾಬ ಕಲ್ಲಿನ ಕೆಸರು ತೊಳೆದ. ಅದರ ಮೇಲೆ ಸರ್ವೆಯವರ ಗುರುತು. ಯಾರದೋ ಹೊಲದ ಗಡಿಗೆ ನೆಟ್ಟ ಬಾಂದಗಲ್ಲು.

ಸೋಮನಿಂಗನ ಹೆಂಡತಿ ಗುರವ್ವ ಕೇಳಿದ್ದು ಒಂದೇ. "ಎಡಿ ಮುಟ್ಟಿತೇನ್ರಿ?"

"ಮುಟ್ಟಿತವ್ವ," ಎಂದೆ.

ಆಕೆ ಕಣ್ಣೊರೆಸಿಕೊಂಡು ಮಗನತ್ತ ತಿರುಗಿದಳು. "ಬರೂ ವರ್ಷ ನೀ ಹೋಗಬೇಕ ನೋಡಪಾ ಕಾಂತು. ಜಾಗಾ ಸಿಕ್ಕೈತಿ."

ಆಗ ಆ ಕಲ್ಲಿನ ನಿಜ ಹೇಳಲೇಬೇಕಾಯಿತು.

ಗುರವ್ವ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅಂದಳು: "ನೀವು ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ."