ಹಡಗಿನ ಮಾವನ ಫ್ರಾನ್ಸ್

ಕೋಟೇಶ್ವರದಲ್ಲಿ ನೆಂಟರ ಮದುವೆಯಿತ್ತು. ಕಪಾಟಿನ ತಳದಿಂದ ಹಳೆಯ ರೇಷ್ಮೆ ಸೀರೆ ಎಳೆದೆ. ಮಡಿಕೆಯೊಳಗಿಂದ ಒಂದು ಸಾಬೂನು ಠಪ್ಪೆಂದು ನೆಲಕ್ಕೆ ಬಿತ್ತು. ನೇರಳೆ ಬಣ್ಣದ ಕಾಗದ, ಅದರ ಮೇಲೆ ಓದಿದರೂ ಅರ್ಥವಾಗದ ಯಾವುದೋ ದೇಶದ ಮಾತು. ಮೂಗಿಗೆ ಹಿಡಿದರೆ ಪರಿಮಳ ಇನ್ನೂ ಇತ್ತು... ಹೊತ್ತಾಯಿತೆಂದು ನಮ್ಮವರು ಅಂಗಳದಿಂದ ಕೂಗುತ್ತಿದ್ದರು. ನಾನು ಸೀರೆ ಬಿಟ್ಟು ಸಾಬೂನು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟೆ.

ಅದು ಹಡಗಿನ ಮಾವ ಕೊಟ್ಟ ಸಾಬೂನು. ಬೀಜಾಡಿಯ ನಮ್ಮ ಕೇರಿಯಲ್ಲಿ ಅವರು ತಂದ ಸಾಬೂನಿಲ್ಲದ ಮನೆಯಿರಲಿಲ್ಲ. ಅದರಲ್ಲಿ ಮಿಂದವರು ಮಾತ್ರ ಒಬ್ಬರೂ ಇರಲಿಲ್ಲ. ಫಾರಿನ್ ಸಾಬೂನನ್ನು ಮೈಗೆ ಹಚ್ಚಿ ಬಚ್ಚಲಿನ ಪಾಲು ಮಾಡುವುದುಂಟೇ? ಎಲ್ಲರೂ ಸೀರೆಗಳ ನಡುವೆ ಬಚ್ಚಿಟ್ಟೆವು. ಇದು ಗೊತ್ತಾದಾಗ ಮಾವ ಕೇರಿಗೆಲ್ಲ ಕೇಳುವಂತೆ ಬೈದಿದ್ದರು: "ಮೀಯುಕೆ ಅಂತ ಕೊಟ್ರೆ ಪೂಜಿ ಮಾಡ್ತ್ರಿಯಲೆ ಮಾರಾಯ್ರೆ!"

ಅವರು ಆಚೆಮನೆಯವರು. ರಕ್ತಸಂಬಂಧವೇನೂ ಇಲ್ಲ, ನಮ್ಮವರು ಚಿಕ್ಕಂದಿನಿಂದ ಮಾವ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಉಪ್ಪುಂದದಿಂದ ಮದುವೆಯಾಗಿ ಬಂದ ವರ್ಷವೇ ಅವರು ಹಡಗಿನ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಎಂಜಿನ್ ಕೋಣೆಯ ಸದ್ದಿನಲ್ಲಿ ದುಡಿದು ಕಿವಿ ಸ್ವಲ್ಪ ಮಂದ, ಆದ್ದರಿಂದ ಸ್ವರ ಯಾವಾಗಲೂ ಜೋರು. ಅವರು ಗುಟ್ಟು ಹೇಳಿದರೂ ಮೂರು ಮನೆಯವರು ತಲೆಯಾಡಿಸುತ್ತಿದ್ದರು. ಅವರ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ತಮ್ಮನ ಸಂಸಾರದ ಜೊತೆ, ಮಕ್ಕಳ ಗಲಾಟೆಯ ನಡುವೆ ಇದ್ದರು.

ಮಾವ ಕಾಣದ ದೇಶವಿಲ್ಲ. ಆದರೆ ಅವರ ಮಾತೆಲ್ಲ ಸುತ್ತಿ ಸುತ್ತಿ ಬಂದು ನಿಲ್ಲುತ್ತಿದ್ದುದು ಫ್ರಾನ್ಸಿನ ಒಂದು ಹೊಳೆದಡದ ಪೇಟೆಯಲ್ಲಿ. ಹಡಗು ರಿಪೇರಿಗೆಂದು ಅಲ್ಲಿ ಬಹಳ ದಿನ ನಿಂತಿತ್ತಂತೆ. ಆ ಊರಿನ ಹೆಸರು ಅವರ ಬಾಯಲ್ಲಿ ಪ್ರತಿ ಸಲ ಬೇರೆಯಾಗಿಯೇ ಬರುತ್ತಿತ್ತು, ನಾವೂ ಅದನ್ನು ಫ್ರಾನ್ಸ್ ಎಂದೇ ಕರೆದು ಮುಗಿಸಿದ್ದೆವು. ಕಲ್ಲಿನ ಸೇತುವೆ, ಹಳೇ ಕಾಲದ ಗೋಡೆ, ಹೊಳೆಯ ಬದಿಯಲ್ಲಿ ಕುರ್ಚಿ ಹಾಕಿದ ಕಾಫಿ ಅಂಗಡಿ. ಇದೆಲ್ಲ ಸರಿಯೇ. ಆದರೆ ಅವರು ಕಣ್ಣರಳಿಸಿ ಹೇಳುತ್ತಿದ್ದುದು ಬೇರೆ ಸಂಗತಿ.

"ಗಂಡ ಹೆಂಡ್ತಿ ಇಬ್ರೇ ಮಾರಾಯ್ತಿ! ಬೆಳಿಗ್ಗೆಯಿಂದ ಬೈಸಾರಿವರಿಗೆ ಎಂತದೂ ಕೆಲ್ಸ ಇಲ್ದೆ ತಿರ್ಗತ್ರ್. ಒಂದ್ ಗೋಡಿ ಕಾಂತ್ರ್, ಒಂಚೂರ್ ಕೂಕಂತ್ರ್, ಮತ್ ತಿರ್ಗತ್ರ್!"

ನಮ್ಮಲ್ಲಿ ಅದು ನಂಬುವ ಮಾತಲ್ಲ. ನನ್ನ ಮದುವೆಯಾಗಿ ಕೆಲವು ತಿಂಗಳಾಗಿತ್ತು. ಹೊಸ ಜೋಡಿಯನ್ನು ನೆಂಟರು ಊಟಕ್ಕೆ ಕರೆಯುವ ಸಮ್ಮಾನ ಮನೆ ಮನೆಯಲ್ಲೂ ನಡೆದಿತ್ತು, ಪ್ರತಿಯೊಂದಕ್ಕೂ ಅತ್ತೆಯೋ ನಾದಿನಿಯೋ ಜೊತೆಗಿದ್ದರು. ನಮ್ಮವರಿಗೆ ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಬಂದರೆ "ಊಟ ಆಯ್ತಾ", ಹೋದರೆ "ಬತ್ತೆ". ಇಷ್ಟೇ ನಮ್ಮ ದಾಂಪತ್ಯದ ಮಾತು. ಒಳ್ಳೆಯವರು, ಕೋಪವಿಲ್ಲ, ಕೆಟ್ಟ ಚಟವಿಲ್ಲ. ಆದರೆ ಕಂಬಕ್ಕೆ ತಾಳಿ ಕಟ್ಟಿಸಿಕೊಂಡೆನೇನೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಬದುಕೆಲ್ಲ ಹೀಗೇ ಕಳೆದುಬಿಟ್ಟರೆ ಎಂದು ಬಾವಿಕಟ್ಟೆಯ ಹತ್ತಿರ ಒಬ್ಬಳೇ ಕಣ್ಣೊರೆಸಿಕೊಂಡದ್ದೂ ಉಂಟು. ಬೇಲಿಯಾಚೆಯಿಂದ ಮಾವ ಅದನ್ನು ನೋಡಿದರೋ ಏನೋ...

ಒಂದು ಶನಿವಾರ ಸಂಜೆ ಅವರು ನಮ್ಮ ಜಗಲಿಗೆ ಬಂದು ಕೂತು ಅಪ್ಪಣೆ ಹೊರಡಿಸಿದರು: "ಮಾಣಿ, ನಾಳೆ ರಜೆ ಅಲ್ದಾ? ನೀನೂ ಈ ಹೆಣ್ಣೂ ಬಸ್ರೂರಿಗೆ ಹೋಯ್ಕ್."

ಅತ್ತೆ ಒಳಗಿನಿಂದ ಕೇಳಿದರು, "ಬಸ್ರೂರಲ್ಲಿ ನಮ್ಗೆ ಯಾರಿದ್ರ್?"

"ಯಾರೂ ಇಲ್ದೆ ಇಪ್ಪುದಕ್ಕೇ ಅಲ್ಲಿಗೆ ಹೋಪುದ್! ಹೊಳಿ ಇತ್ತ್, ಹಳೇ ಪ್ಯಾಟಿ ಇತ್ತ್, ಒಂದ್ ಕಾಲಕ್ಕೆ ಹೊರದೇಶದ್ ಹಡಗೆಲ್ಲ ಬತ್ತಿದ್ದಿತ್ತಂಬ್ರ್. ಫ್ರಾನ್ಸ್ ಆಪುಕೆ ಇನ್ನೆಂತ ಬೇಕ್?"

ಮರುದಿನ ಬೆಳಿಗ್ಗೆ ಗೇಟಿನಲ್ಲೇ ನಿಂತು ನಮ್ಮಿಬ್ಬರ ಮೊಬೈಲ್ ಇಸಿದುಕೊಂಡರು. ಅತ್ತೆ ಇವರ ಕೈಗೆ ಕೊಟ್ಟಿದ್ದ ಬಟ್ಟೆಚೀಲವನ್ನೂ ಕಿತ್ತುಕೊಂಡರು. "ಚೀಲ ಹಿಡ್ಕಂಡ್ ಹೋಪುಕಾಗ. ಚೀಲ ಹಿಡ್ದ್ರೆ ಅದ್ ಸಂತಿ, ಫ್ರಾನ್ಸ್ ಅಲ್ಲ!"

ಬಸ್ಸಿನಲ್ಲಿ ನಾನು ರೂಢಿಯಂತೆ ಮುಂದೆ ಹೆಂಗಸರ ಜೊತೆ ಕೂತೆ, ಇವರು ಹಿಂದೆ. ಬಸ್ರೂರಿನಲ್ಲಿ ಎರಡು ಬಾಗಿಲಿನಿಂದ ಇಳಿದೆವು. ಬಸ್ಸು ಹೋದ ಮೇಲೆ ನೋಡಿದರೆ ರಸ್ತೆಯಲ್ಲಿ ನಾವಿಬ್ಬರೇ. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು. ಕೊನೆಗೆ ಇವರು ಒಂದು ಹಳೆಯ ಕೆಂಪುಕಲ್ಲಿನ ಗೋಡೆಯ ಮುಂದೆ ನಿಂತು ಗಂಭೀರವಾಗಿ ಅದನ್ನೇ ನೋಡತೊಡಗಿದರು. ಮಾವನ ಪಾಠ! ನಾನೂ ನೋಡಿದೆ. ಗೋಡೆ ಗೋಡೆಯ ಹಾಗೇ ಇತ್ತು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ.

ಹಳೇ ಪೇಟೆಯ ಮಂಡಿಬಾಗಿಲಿನ ಕಡೆ ನಡೆದೆವು. ದಾರಿಬದಿಯಲ್ಲಿ ಶಾಸನದ ಕಲ್ಲು, ಪಾಚಿ ಹಿಡಿದ ಕೆರೆ, ಒಂದು ಕೇರಿ ಮುಗಿಯುವಷ್ಟರಲ್ಲಿ ಇನ್ನೊಂದು ಕೇರಿ. ಎಷ್ಟು ಚೆಂದದ ಊರು! ಇಷ್ಟು ಹತ್ತಿರವಿದ್ದೂ ಕಂಡಿರಲಿಲ್ಲವಲ್ಲ ಎಂದು ನನಗೆ ಸಂಭ್ರಮವೋ ಸಂಭ್ರಮ. ಆದರೆ ಊರೆಂದ ಮೇಲೆ ಊರವರು ಇರುತ್ತಾರೆ. ಎದುರು ಸಿಕ್ಕವರದೆಲ್ಲ ಒಂದೇ ಪ್ರಶ್ನೆ: "ಯಾರ್ ಮನಿಗೆ?" ಮೊದಲನೆಯವರಿಗೆ ಇವರು ಸುಮ್ಮನೆ ತಲೆಯಾಡಿಸಿದರು. ಎರಡನೆಯವರಿಗೆ ಕೆಮ್ಮಿದರು. ಮೂರನೆಯ ಅಜ್ಜ ದಾರಿಗಡ್ಡ ನಿಂತು ಬಿಡಲೇ ಇಲ್ಲ. ಹೆಂಡತಿಯನ್ನು ಕಟ್ಟಿಕೊಂಡು ಕೆಲಸವಿಲ್ಲದೆ ತಿರುಗುತ್ತಿದ್ದೇನೆ ಎಂದು ಗಂಡಸೆನಿಸಿಕೊಂಡವನು ಹೇಗೆ ಹೇಳುವುದು? ಇವರ ಮುಖ ಕೆಂಪೇರಿತು. ಎದುರಿಗಿದ್ದ ದೊಡ್ಡ ಹೆಂಚಿನ ಮನೆಯತ್ತ ಬೆರಳು ತೋರಿಸಿಬಿಟ್ಟರು. "ಆ ಮನಿಗೆ."

ಅಜ್ಜ ಉಪಕಾರಿ. ನಮ್ಮನ್ನು ಅಲ್ಲೇ ಬಿಟ್ಟು ಹೋಗದೆ ಅಂಗಳದವರೆಗೆ ಕರೆದೊಯ್ದು ಕೂಗಿ ಹೇಳಿದರು, "ಹ್ವಾಯ್, ನಿಮ್ಮನಿಗೆ ನೆಂಟ್ರ್ ಬಂದಿರ್ ಕಾಣಿ!"

ಒಳಗಿನಿಂದ ಮನೆಗೆ ಮನೆಯೇ ಓಡಿ ಬಂತು. "ಬನಿ, ಬನಿ! ಎಷ್ಟ್ ಹೊತ್ತಿಂದ ಕಾದ್ವ್! ಕೂಕಣಿ!" ಕಾಲಿಗೆ ನೀರು, ಕೈಗೆ ಬೆಲ್ಲ, ಬಿಸಿಬಿಸಿ ಗೋಳಿಬಜೆ. ನಾವು ಬಾಯಿ ತೆರೆಯಲು ಹೊರಟಾಗಲೆಲ್ಲ ಇನ್ನೊಂದು ತಟ್ಟೆ ಬರುತ್ತಿತ್ತು. ಆಮೇಲೆ ಹೊಸ ಸೀರೆ ಉಟ್ಟ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕಾಫಿ ತಂದಳು. ಆಗ ನನಗೆ ಪೂರಾ ಅರ್ಥವಾಯಿತು. ಆ ದಿನ ಅವರ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ನಾವು ಹುಡುಗನ ಅಕ್ಕ-ಭಾವ ಎಂದು ತಿಳಿದಿದ್ದರು!

ಕಾಫಿಯ ಲೋಟ ಹಿಡಿದ ಅವಳ ಕೈ ನಡುಗುತ್ತಿತ್ತು. ಹೋದ ವರ್ಷ ನನ್ನ ಕೈಯೂ ಹೀಗೇ ನಡುಗಿತ್ತು. ನಾನು ಇವರ ಮುಖ ನೋಡಿದೆ. ಇವರೂ ಆ ಕೈಯನ್ನೇ ನೋಡುತ್ತಿದ್ದರು. ಒಮ್ಮೆಲೇ ಎದ್ದು ನಿಂತು ಕೈಮುಗಿದರು.

"ತಪ್ಪಾಯ್ತ್. ನೀವ್ ಕಾಯ್ತಿಪ್ಪವ್ರ್ ನಾವಲ್ಲ. ನಾನೂ ಇವ್ಳೂ ಸುಮ್ನೆ ತಿರ್ಗುಕೆ ಬಂದದ್ದ್. ಹಾಂಗಂತ ಹೇಳುಕೆ ನಾಚ್ಕಿ ಆಯ್ತ್."

ಬೈಗುಳಕ್ಕೆ ನಾನು ಬೆನ್ನು ಗಟ್ಟಿ ಮಾಡಿಕೊಂಡೆ. ಮೊದಲು ನಕ್ಕವಳು ಆ ಹುಡುಗಿ. ತಲೆಯೆತ್ತಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳ ಅಜ್ಜಿ, ಆಮೇಲೆ ಎಲ್ಲರೂ. ತಟ್ಟೆ ಖಾಲಿ ಮಾಡದೆ ಏಳಲು ಬಿಡಲಿಲ್ಲ. ಹೊರಡುವಾಗ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು, "ಅಕ್ಕ, ಬಪ್ಪು ಹುಡ್ಗನ್ ಹತ್ರ ನಾನೂ ಕೇಂತೆ, ಸುಮ್ನೆ ತಿರ್ಗುಕೆ ಕರ್ಕಂಡ್ ಹೋತ್ರಿಯಾ ಅಂತ."

ಹೊಳೆಯ ದಂಡೆಗೆ ಬರುವವರೆಗೆ ಹೇಗೋ ತಡೆದುಕೊಂಡೆವು. ಅಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಗಂಡನ ನಗು ಹೇಗಿರುತ್ತದೆಂದು ನಾನು ಕೇಳಿದ್ದು ಅದೇ ಮೊದಲು! ಆಮೇಲೆ ಅವರು ಮಾತಾಡಿದರು. ಶಾಲೆ ಬಿಟ್ಟದ್ದು, ಮುಂಬೈಯ ಹೋಟೆಲಿನಲ್ಲಿ ಕಳೆದ ವರ್ಷಗಳು, ನನ್ನ ಹತ್ತಿರ ಏನು ಮಾತಾಡುವುದೆಂದು ತಿಳಿಯದೆ ದಿನಾ ಕಾರ್ಖಾನೆಯಿಂದ ಬರುವ ದಾರಿಯಲ್ಲಿ ಒಂದೊಂದು ಮಾತು ಯೋಚಿಸಿಕೊಂಡು ಬಂದು, ಮನೆಯಲ್ಲಿ ಅಷ್ಟು ಜನರನ್ನು ಕಂಡು ನುಂಗಿಕೊಂಡದ್ದು... ವಾರಾಹಿ ಹೊಳೆ ತುಂಬಿ ಹರಿಯುತ್ತಿತ್ತು. ನನಗೆ ಹಾರಿ ಕುಣಿಯುವಷ್ಟು ಸಂತೋಷವಾಗಿತ್ತು.

ಸಂಜೆ ಬಸ್ಸಿಳಿದು ಬಂದಾಗ ಮಾವ ತಮ್ಮ ಮನೆಯ ಜಗಲಿಯ ಅಂಚಿನಲ್ಲಿ ಕಾದಿದ್ದರು. "ಎಂತ ಆಯ್ತ್? ಸುರುವಿಂದ ಹೇಳಿ!" ಹೇಳಿದೆವು. ಅವರು ತೊಡೆ ತಟ್ಟಿ ನಕ್ಕರು, ಎರಡನೆಯ ಸಲ ಹೇಳಿಸಿದರು. ನಗು ಮುಗಿದ ಮೇಲೆ ತಮ್ಮ ಹೆಂಡತಿಯ ಮಾತೆತ್ತಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲೇ ಇಲ್ಲ.

"ನಾನ್ ರಜೆಲಿ ಬಂದಾಗೆಲ್ಲ ಮನಿ ತುಂಬ ಜನ. ಅವ್ಳ್ ಅಡ್ಗಿ ಒಳ್ಗೇ ಇದ್ದಳ್. ಮುಂದಿನ್ ರಜೆಗೆ ಕರ್ಕಂಡ್ ಹೋಪ, ಮುಂದಿನ್ ರಜೆಗೆ ಹೋಪ ಅಂತ... ಒಂದ್ ದಿನವೂ ಹೋಯ್ಲಿಲ್ಲೆ."

ಆಮೇಲೆ ನಾವು ಬಾರ್ಕೂರಿಗೆ ಹೋದೆವು, ಗಂಗೊಳ್ಳಿಗೆ ಹೋದೆವು. ಬನ್ನಿ ಎಂದರೆ ಮಾವ ಬರುತ್ತಿರಲಿಲ್ಲ. ನಾವು ಬಂದು ಕತೆ ಹೇಳಿದರೆ ಸಾಕು ಅವರಿಗೆ. ಹೇಳದೆ ಮಲಗಲು ಬಿಡುತ್ತಿರಲಿಲ್ಲ.

ಅವರು ಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ನೋಡಲು ಹೋಗಿದ್ದೆವು. ಸ್ವರ ಅಡಗಿತ್ತು. "ಮಾಣಿ, ಬಸ್ರೂರಿಗೆ ಹೋದದ್ ಹೇಳ್" ಎಂದರು. ಇವರು ಅವರ ಕೈ ಹಿಡಿದುಕೊಂಡು ಶುರುಮಾಡಿದರು: "ಮಾವ, ನೀವೂ ಅತ್ತೆಯೂ ಬಸ್ರೂರಲ್ಲಿ ಬಸ್ಸಿಳಿದ್ರಿ..."

ಅತ್ತೆಯೆಂದರೆ ಮಾವನ ತೀರಿಹೋದ ಹೆಂಡತಿ. ನಾನು ಬೆಚ್ಚಿ ಇವರನ್ನು ನೋಡಿದೆ. ಇವರು ನಿಲ್ಲಿಸಲಿಲ್ಲ. ಗೋಡೆ ನೋಡಿದ್ದು ಮಾವ, ಸೆರಗಿನಲ್ಲಿ ನಕ್ಕಿದ್ದು ಅತ್ತೆ, ದಿಕ್ಕು ತೋಚದೆ ಯಾರದೋ ಮನೆಗೆ ಬೆರಳು ತೋರಿಸಿದ್ದು ಮಾವ. ಹೊದಿಕೆಯ ಕೆಳಗೆ ಮಾವನ ಹೊಟ್ಟೆ ನಗುವಿಗೆ ಅಲುಗಿತು. ಮಾತು ಹೊಳೆದಂಡೆಗೆ ಬಂದಾಗ ಅವರು ಕಣ್ಣು ತೆರೆದು ಕೇಳಿದರು, "ಅಲ್ಲಿ ಅವ್ಳ್ ಎಂತ ಅಂದಳ್?"

ಇವರು ನನ್ನತ್ತ ತಿರುಗಿದರು. ನಾನು ಹೇಳಿದೆ, "ಇನ್ನೊಂಚೂರ್ ಹೊತ್ ಕೂಕಂಬ ಅಂದ್ರ್, ಮಾವ."

ಆ ದಿನ ನಾನು ಹೇಳಬೇಕೆಂದಿದ್ದು, ನಾಚಿಕೆಯಿಂದ ಹೇಳದೆ ಉಳಿದ ಮಾತದು. ಮಾವ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಅದೇ ವಾರ ಹೋಗಿಬಿಟ್ಟರು.

ಮಾವ ಕತೆಗೆ ಕಾದು ಕೂರುತ್ತಿದ್ದ ಜಗಲಿಗೆ ಈಗ ಕಬ್ಬಿಣದ ಜಾಲರಿ ಬಂದಿದೆ. ಅವರ ತಮ್ಮನ ಮಕ್ಕಳು ಒಳ್ಳೆಯವರೇ, ಕಂಡರೆ ಮಾತಾಡಿಸುತ್ತಾರೆ. ಕಳೆದ ತಿಂಗಳು ಬ್ರಹ್ಮಾವರದ ಕಡೆ ತಿರುಗಲು ಹೋಗಿದ್ದೆವು. ದಾರಿ ತಪ್ಪಿ ಯಾರದೋ ಗದ್ದೆಯೊಳಗೆ ಹೊಕ್ಕು, ನಾಯಿ ಅಟ್ಟಿಸಿಕೊಂಡು ಬಂದು, ಇವರ ಒಂದು ಚಪ್ಪಲಿ ಕೆಸರಿನಲ್ಲೇ ಉಳಿದು, ಎಂಥ ಮಜಾ! ವಾಪಸು ಬರುವಾಗ ಇವರು ಬರಿಗಾಲಲ್ಲಿ ಆಚೆಮನೆಯ ಗೇಟಿನ ಮುಂದೆ ನಿಂತುಬಿಟ್ಟರು. ನಾನೂ ನಿಂತೆ. ನನಗೆ ಅಳು ಬಂತು. ಆಮೇಲೆ ಮನೆಗೆ ಹೋಗಿ, ಕಾಲು ತೊಳೆದು ಜಗಲಿಯಲ್ಲಿ ಕೂತು, ಇಬ್ಬರಿಗೂ ಗೊತ್ತಿದ್ದ ಕತೆಯನ್ನೇ ಸುರುವಿನಿಂದ ಒಬ್ಬರಿಗೊಬ್ಬರು ಹೇಳಿಕೊಂಡೆವು.