ಬಂಕರಿನಲ್ಲಿ ಬರಿಗಾಲು

ಕಂಪನಿಯ ಗಾಲ್ಫ್ ಪಂದ್ಯಕ್ಕೆ ನನ್ನ ಹೆಸರನ್ನೂ ಬರೆಸಿದ್ದರು. ಹುಲ್ಲಿನ ಮೇಲೆ ಹೇಗೋ ಆಡುತ್ತಿದ್ದೆ. ಬಂಕರ್ ಅಂತ ಮರಳಿನ ಗುಂಡಿ ಇರುತ್ತದಲ್ಲ, ಅದಕ್ಕೆ ಬಿದ್ದ ಚೆಂಡು ಮಾತ್ರ ಮೇಲೆ ಬರುತ್ತಿರಲಿಲ್ಲ. ಕೆಲಸದ ಮೇಲೆ ಹೊನ್ನಾವರಕ್ಕೆ ಹೋದಾಗ, ಇಲ್ಲಿ ಮರಳಿಗೇನು ಬರ ಅಂತ ಸ್ಟಿಕ್ ಹಿಡಿದು ಬೆಳಿಗ್ಗೆಯೇ ಕಡಲತೀರಕ್ಕೆ ಇಳಿದೆ.

ಮೂರನೇ ಹೊಡೆತಕ್ಕೂ ಚೆಂಡು ಅಲ್ಲೇ ಇತ್ತು. ಮರಳು ಮಾತ್ರ ಹಾರಿ, ಒಣಗಲು ಹರವಿದ್ದ ಮೀನಿನ ಮೇಲೆ ಬಿತ್ತು. ಮೀನು ಕಾಯುತ್ತಿದ್ದ ಹೆಂಗಸು ಎದ್ದು ಬಂದರು.

"ಎಂತ ತಮ್ಮಾ ಇದು? ಮರಳು ಹತ್ತಿದ ಮೀನು ಯಾರು ತಗೊಳ್ತಾರೆ?"

ತಪ್ಪಾಯಿತು ಎಂದು ಕೂತು ಒಂದೊಂದೇ ಮೀನು ಕೊಡವಿದೆ. ಕೊಡವುತ್ತಲೇ ಆಟ ವಿವರಿಸಿದೆ. ಹೊಡೆಯುವ ಮೊದಲು ಮರಳು ಹೇಗಿದೆಯೆಂದು ಕೈಯಿಂದಾಗಲಿ ಸ್ಟಿಕ್ಕಿನಿಂದಾಗಲಿ ಮುಟ್ಟಿ ನೋಡುವಂತಿಲ್ಲ ಎಂದೆ.

"ಕಾಲಲ್ಲಿ?"

"ನಿಲ್ಲಲೇಬೇಕಲ್ಲ ಅಮ್ಮಾ."

"ಮತ್ತೆ ಬೂಟು ಎಂತಕ್ಕೆ? ತೆಗಿ. ಗಟ್ಟಿ ಇದ್ಯೋ ಮೆತ್ತಗಿದ್ಯೋ ಕಾಲಿಗೇ ಗೊತ್ತಾಗ್ತದೆ. ಮೀನು ಹರವುಕೆ ನಾ ಜಾಗ ನೋಡುದೂ ಹಂಗೇ."

ಪಂದ್ಯದ ದಿನ ಚೆಂಡು ನೇರ ಬಂಕರಿಗೇ ಬಿತ್ತು. ಬೂಟು, ಕಾಲುಚೀಲ ಕಳಚಿ ಇಳಿದೆ. ಮೇಲೆ ಸಡಿಲ, ಅಡಿಯಲ್ಲಿ ಗಟ್ಟಿ. ಚೆಂಡಿನ ಹಿಂದೆ ಎರಡು ಬೆರಳು ಬಿಟ್ಟು ಮರಳಿಗೇ ಹೊಡೆದೆ. ಚೆಂಡು ಎದ್ದು ಹುಲ್ಲಿಗೆ ಬಿತ್ತು. ತೀರ್ಪುಗಾರರು ನಿಯಮದ ಪುಸ್ತಕವನ್ನೆಲ್ಲ ತಿರುವಿ ಹಾಕಿದರು. ಬರಿಗಾಲಿನ ಸುದ್ದಿಯೇ ಅದರಲ್ಲಿರಲಿಲ್ಲ.

ಈಗ ಪಂದ್ಯ ನಡೆದ ಕ್ಲಬ್ಬಿನ ಬಾಗಿಲಲ್ಲಿ ಹೊಸ ಬೋರ್ಡು ತೂಗುತ್ತಿದೆ: "ಬೂಟು ಕಡ್ಡಾಯ." ಮುಂದಿನ ಸಲ ಹೊನ್ನಾವರಕ್ಕೆ ಹೋದಾಗ ಆ ಅಮ್ಮನಿಗೆ ಹೇಳಬೇಕು, ನಿಮ್ಮಿಂದ ಆಟಕ್ಕೆ ಒಂದು ನಿಯಮ ಜಾಸ್ತಿ ಆತು ಅಂತ.