ಕುರುಬರ ಪೈ ಮತ್ತು ಒಂದು ಚೀಟಿ

ಮೊದಲೇ ಹೇಳಿಬಿಡುತ್ತೇನೆ, ನಾನು ಜಗಳಗಂಟಿ ಅಲ್ಲ. ನಮ್ಮ ಯಜಮಾನರು ಬೇರೆ ಏನಾದರೂ ಹೇಳಬಹುದು, ಅವರನ್ನು ಕೇಳಲು ಹೋಗಬೇಡಿ. ಅಮೆರಿಕಕ್ಕೆ ಬಂದ ಮೇಲೆ ಪಾರ್ಕಿಂಗ್ ಜಾಗ ಕಿತ್ತುಕೊಂಡವರ ಮೇಲೆ ನಾನು ಕೂಗಾಡಿಲ್ಲ. ನೀಲವ್ವ ಎಂಬ ನನ್ನ ಹೆಸರನ್ನು ಕತ್ತರಿಸಿ ‘ನೀಲ್’ ಎಂದು ಗಂಡುಹೆಸರು ಮಾಡಿಟ್ಟ ಆಸ್ಪತ್ರೆಯ ಲ್ಯಾಬಿನವರನ್ನೂ ಕ್ಷಮಿಸಿದ್ದೇನೆ. ಆದರೆ ಒಂದು ಅಡುಗೆಯ ಹೆಸರಿಗಾಗಿ ಒಂದೇ ಬೇಸಿಗೆಯಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿಯ ಎದುರೂ ಇಡೀ ಕನ್ನಡ ಬಳಗದ ಎದುರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೇನೆ. ಇವತ್ತಿಗೂ ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಯೂನಿಯನ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲು ಮಿಸೆಸ್ ಹಾರ್ಪರ್ ಅವರದು. ಇಂಗ್ಲೆಂಡಿನಿಂದ ಬಂದು ಮೂವತ್ತು ವರ್ಷವಾಗಿದ್ದರೂ ಅಮೆರಿಕದ ಚಹಾಕ್ಕೆ ಇನ್ನೂ ಮೂಗು ಮುರಿಯುತ್ತಿದ್ದ ಹೆಂಗಸು. ನಮ್ಮ ಮಗಳು ರೂಪಾಗೆ ಸೀತಾಳೆ ಸಿಡುಬು ಎದ್ದಾಗ, ಪಾಪ, ಒಂದು ಗಾಜಿನ ಟ್ರೇ ಹಿಡಿದುಕೊಂಡು ಬಂದರು. ಕೆಳಗೆ ಖೀಮಾ, ಮೇಲೆ ಹಿಸುಕಿದ ಆಲೂಗಡ್ಡೆಯ ದಪ್ಪ ಹೊದಿಕೆ, ಒವನ್ನಿನಲ್ಲಿ ಕೆಂಪಗೆ ಬೆಂದಿದೆ. ಯಾವ ಮಾಂಸ ಎಂದು ಕೇಳಿದೆ. ದನದ್ದು ಎಂದರು. ನಾವು ಅದನ್ನು ತಿನ್ನುವುದಿಲ್ಲ ಎಂದೆ. ಮುಖ ಸಣ್ಣ ಮಾಡಿಕೊಳ್ಳದೆ ಟ್ರೇ ವಾಪಸು ಒಯ್ದು, ಮರುದಿನ ಕುರಿಯ ಖೀಮಾ ಹಾಕಿ ಮಾಡಿ ತಂದರು. ಜೊತೆಗೆ ಒಂದು ಪಾಠವನ್ನೂ ತಂದರು. ದನದ್ದಾದರೆ ಅದು ಕಾಟೇಜ್ ಪೈ, ಕುರಿಯದಾದರೆ ಶೆಪರ್ಡ್ಸ್ ಪೈ. ಅಮೆರಿಕದವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ, ಅವರಿಗೆ ಬುದ್ಧಿ ಇಲ್ಲ, ನೀನು ಹಾಗೆ ಮಾಡಬೇಡ ಎಂದು ಬೆರಳೆತ್ತಿ ಹೇಳಿ ಹೋದರು.

ಒಂದು ತಿಂಗಳೊಳಗೆ ನಾನೂ ಕಲಿತೆ. ಆದರೆ ಉಪ್ಪು, ಕಾಳುಮೆಣಸಿನ ಪುಡಿ ಎರಡನ್ನೇ ನಂಬಿ ಬದುಕಲು ನನ್ನಿಂದಾಗುತ್ತದೆಯೇ? ಶುಂಠಿ, ಬೆಳ್ಳುಳ್ಳಿ, ಲವಂಗ, ಊರಿನಿಂದ ತಂದ ಕೆಂಪು ಖಾರ, ಕೈತುಂಬ ಕೊತ್ತಂಬರಿ, ಎಲ್ಲ ಬಿತ್ತು. ಮಿಸೆಸ್ ಹಾರ್ಪರ್ ಅವರನ್ನು ಕರೆದು ಬಡಿಸಿದೆ. ಎರಡು ಲೋಟ ನೀರು ಕುಡಿದರು, ಎರಡನೇ ಸಲ ಹಾಕಿಸಿಕೊಂಡರು, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು: ರುಚಿ ಚೆನ್ನಾಗಿದೆ, ಆದರೆ ಇದನ್ನು ಶೆಪರ್ಡ್ಸ್ ಪೈ ಎಂದು ಕರೆಯುವ ಹಕ್ಕು ನಿನಗಿಲ್ಲ. ಮತ್ತೆ ಏನೆಂದು ಕರೆಯಲಿ ಎಂದರೆ, ‘ಆಲೂಗಡ್ಡೆಯದು ಏನೋ ಒಂದು’ ಅಂತೆ.

ನನಗೆ ಮೈ ಉರಿಯಿತು. ಅಲ್ಲಾ, ಶೆಪರ್ಡ್ ಅಂದರೆ ಯಾರು? ಕುರುಬ. ಕುರುಬ ಅಂದರೆ ಯಾರು? ನಮ್ಮಜ್ಜ. ರಾಣೆಬೆನ್ನೂರಿನ ಕಡೆ ನೂರಿಪ್ಪತ್ತು ಕುರಿ ಸಾಕಿದ್ದ ಮನುಷ್ಯ. ವರ್ಷದಲ್ಲಿ ಆರು ತಿಂಗಳು ಕಂಬಳಿ ಹೊದ್ದು ಹೊಲದಿಂದ ಹೊಲಕ್ಕೆ ಹಿಂಡು ನಡೆಸಿದವನು. ಒಂದೊಂದು ಕುರಿಯ ಮುಖವೂ ಅವನಿಗೆ ಗುರುತಿತ್ತು, ಮೊಮ್ಮಕ್ಕಳ ಹೆಸರು ಮಾತ್ರ ತಪ್ಪುತ್ತಿತ್ತು. ಮಿಸೆಸ್ ಹಾರ್ಪರ್ ಅವರ ತಂದೆ, ಅವರೇ ಹೇಳಿದಂತೆ, ಬ್ಯಾಂಕಿನಲ್ಲಿ ಗುಮಾಸ್ತರು. ಹಕ್ಕು ಯಾರಿಗಿಲ್ಲ, ನೀವೇ ಹೇಳಿ.

ಈ ಸಿಟ್ಟಿನಲ್ಲಿ ಲೈಬ್ರರಿಗೆ ಹೋಗಿ ಅಡುಗೆ ಪುಸ್ತಕಗಳನ್ನು ತಿರುವಿ ಹಾಕಿದೆ. ಆಲೂಗಡ್ಡೆ ಇಂಗ್ಲೆಂಡಿನದೇ ಅಲ್ಲ, ದಕ್ಷಿಣ ಅಮೆರಿಕದ ಬೆಟ್ಟಗಳದು. ನಮ್ಮಲ್ಲಿಗೂ ಹಡಗು ಹತ್ತಿಯೇ ಬಂದದ್ದು, ನಮ್ಮಜ್ಜ ಅದನ್ನು ಕೊನೆಯವರೆಗೂ ಬಟಾಟಿ ಎಂದೇ ಕರೆದ. ಇನ್ನು ಈ ಪೈ, ಭಾನುವಾರ ಉಳ್ಳವರ ಮನೆಯಲ್ಲಿ ಸುಟ್ಟ ಮಾಂಸ ಮಿಕ್ಕಾಗ ಸೋಮವಾರಕ್ಕೆ ಕಂಡುಕೊಂಡ ಉಪಾಯವಂತೆ. ಅಲ್ಲಿಯ ಕುರುಬನೂ ನಮ್ಮಜ್ಜನ ಹಾಗೆ ಹಬ್ಬಕ್ಕೊಮ್ಮೆ ಮಾಂಸ ಕಂಡವನೇ ಇರಬೇಕು. ಸಾಕಿದವನು ಕುರುಬ, ತಿಂದವರು ಬೇರೆ, ಹೆಸರು ಮಾತ್ರ ಅವನದು. ಆ ಹೆಸರಾದರೂ ಅವನ ಮೊಮ್ಮಗಳಿಗೆ ಬರಬೇಡವೇ?

ಇಷ್ಟೆಲ್ಲ ಶೌರ್ಯ ಎದುರುಮನೆಯ ಅಜ್ಜಿಯ ಮುಂದೆ. ನಮ್ಮ ಕನ್ನಡ ಬಳಗದಲ್ಲಿ ನಾನು ಇಲಿಮರಿ. ಅಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನ ಸಸ್ಯಾಹಾರಿಗಳು, ಒಳ್ಳೆಯ ಜನ. ಹೊಸಬರು ಸಿಕ್ಕರೆ ‘ನಿಮ್ಮದು ಯಾವ ಕಡೆ?’ ಎಂದು ನಯವಾಗಿ ಕೇಳುತ್ತಾರೆ. ಕೇಳುವುದು ಊರನ್ನಲ್ಲ ಎಂದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು. ‘ರಾಣೆಬೆನ್ನೂರು’ ಎಂದು ಹೇಳಿ ನಾನು ನಕ್ಕುಬಿಡುತ್ತಿದ್ದೆ. ಆರು ವರ್ಷ ಹಾಗೇ ನಕ್ಕೆ. ಆ ನಗು ನನಗೇ ಹೇಸಿಗೆಯಾಗಿತ್ತು.

ಬಳಗದ ಬೇಸಿಗೆ ಪಿಕ್ನಿಕ್ಕಿನಲ್ಲಿ ಒಂದು ಪದ್ಧತಿ ಇತ್ತು. ನೆರಳಿನ ಚಪ್ಪರದಡಿ ಉದ್ದನೆಯ ಮೇಜು ಬಿಸಿಬೇಳೆಬಾತು, ಕೋಸಂಬರಿಗೆ. ಕಾರು ನಿಲ್ಲಿಸುವ ಜಾಗದ ಪಕ್ಕದ ಮರದಡಿ ಇನ್ನೊಂದು ಸಣ್ಣ ಮೇಜು, ಅದರ ಮೇಲಿನ ಟ್ರೇಗಳಿಗೆಲ್ಲ ಮುಸುಕು. ಮಾಂಸ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಚೀಟಿ ಬರೆಯುವ ಸುಶೀಲಕ್ಕ, ಮೈಸೂರಿನವರು, ಮುತ್ತಿನಂಥ ಅಕ್ಷರದಲ್ಲಿ ಅವಕ್ಕೆಲ್ಲ ‘ಸ್ಪೆಷಲ್’ ಎಂದು ಬರೆಯುತ್ತಿದ್ದರು. ಕೋಳಿ ಪಲಾವು ‘ರೈಸ್ ಸ್ಪೆಷಲ್’. ಹಳಬರಿಗೆಲ್ಲ ಗುಟ್ಟು ಗೊತ್ತು.

ಆ ವರ್ಷ ನಾನು ಪೈ ಒಯ್ದೆ. ಹೆಸರೇನು ಎಂದು ಸುಶೀಲಕ್ಕ ಕೇಳಿದರು. ನನ್ನ ಬಾಯಿಗೆ ‘ಕುರುಬರ ಪೈ’ ಎಂದು ಬಂದೇಬಿಟ್ಟಿತ್ತು, ಅಷ್ಟರಲ್ಲಿ ನಮ್ಮವರು ಪಕ್ಕದಿಂದ, “ಸುಮ್ನ ಇರು ಮಾರಾಯ್ತಿ, ಯಾಕ ಬೇಕು ಇಲ್ಲದ ಉಸಾಬರಿ?” ಎಂದು ಗೊಣಗಿದರು. ಸುಮ್ಮನಾದೆ. ಸುಶೀಲಕ್ಕ ಒಳಗೇನಿದೆ ಎಂದು ಮಾತ್ರ ಕೇಳಿಕೊಂಡು, “ಬೇಜಾರು ಮಾಡ್ಕೋಬೇಡಿ ನೀಲಾ, ಹಿರಿಯರು ಬಂದಿದ್ದಾರೆ” ಎಂದು ಚೀಟಿ ಅಂಟಿಸಿದರು: ‘ಆಲೂಗಡ್ಡೆ ಸ್ಪೆಷಲ್’.

ಆಗ ನಡೆಯಿತು ನೋಡಿ. ಬಳಗಕ್ಕೆ ಹೊಸದಾಗಿ ಸೇರಿದ ಡಾಕ್ಟರಮ್ಮ ಒಬ್ಬರು ಮರದಡಿಯ ಮೇಜಿನ ತುದಿಯಲ್ಲಿ ಕೂತಿದ್ದ ‘ಆಲೂಗಡ್ಡೆ ಸ್ಪೆಷಲ್’ ನೋಡಿದರು. ಅಯ್ಯೋ, ಯಾರೋ ಮರೆತಿದ್ದಾರೆ ಎಂದುಕೊಂಡು, ಉಪಕಾರ ಮಾಡುವ ಉತ್ಸಾಹದಲ್ಲಿ ಟ್ರೇ ಎತ್ತಿಕೊಂಡು ಹೋಗಿ ಚಪ್ಪರದ ಮೇಜಿನ ಮೇಲೆ, ಕೋಸಂಬರಿಯ ಪಕ್ಕದಲ್ಲೇ ಇಟ್ಟರು. ನಾನು ತಿರುಗಿ ನೋಡುವಾಗ ಸುಶೀಲಕ್ಕನ ಮಾವನವರು, ಪಂಚೆ, ಸ್ವೆಟರು, ಹಣೆಯಲ್ಲಿ ನಾಮ, ಚಮಚ ತುಂಬ ತಟ್ಟೆಗೆ ಹಾಕಿಕೊಂಡು ಬೆರಳುಗಳನ್ನು ಅದರ ಹತ್ತಿರ ಒಯ್ದಾಗಿತ್ತು.

ಸುಶೀಲಕ್ಕನೂ ನೋಡಿದರು. ಬಾಯಿ ತೆರೆದರು, ಮಾತು ಬರಲಿಲ್ಲ. ಅಷ್ಟು ವರ್ಷ ಬಾಯಿಗೆ ಬರದಂತೆ ನೋಡಿಕೊಂಡ ಮಾತು ಅವಸರಕ್ಕೆ ಬರುತ್ತದೆಯೇ?

“ಅಜ್ಜಾರ, ತಿನಬ್ಯಾಡ್ರಿ! ಅದು ಕುರಿ ಮಾಂಸ! ನಾ ಮಾಡಿದ್ದು! ನಾವು ಕುರುಬರು!”

ಪಾರ್ಕಿನ ಆ ತುದಿಯವರೆಗೂ ಕೇಳಿಸಿರಬೇಕು. ಕೊನೆಯ ಮಾತು ಯಾಕೆ ಬಂತೋ ನನಗೇ ಗೊತ್ತಿಲ್ಲ, ಅವರನ್ನು ತಡೆಯಲು ಅದು ಬೇಕಿರಲಿಲ್ಲ. ಆರು ವರ್ಷದ್ದು ಒಟ್ಟಿಗೆ ಬಂದುಬಿಟ್ಟಿತು. ಎಲ್ಲರೂ ನನ್ನ ಕಡೆ ತಿರುಗಿದರು. ಮುದುಕರು ನಿಧಾನವಾಗಿ ತಟ್ಟೆ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದರು.

“ಕೂಗಿ ಒಳ್ಳೇದು ಮಾಡಿದೆ ಕಣಮ್ಮ” ಎಂದರು ನನಗೆ. ಆಮೇಲೆ ಸೊಸೆಯ ಕಡೆ ತಿರುಗಿ, “ಇರೋ ಹೆಸರು ಬರೆಯೋದಕ್ಕೆ ಏನು ಕಷ್ಟ ಆಗಿತ್ತು, ಸುಶೀಲಾ?”

ಸುಶೀಲಕ್ಕನ ಮುಖ ಕೆಂಪಾಯಿತು. ನನಗೂ ಆ ಪ್ರಶ್ನೆ ತಾಗದೆ ಇರಲಿಲ್ಲ. ಚೀಟಿ ಅವರು ಬರೆದದ್ದು ನಿಜ, ಆದರೆ ಹೆಸರು ಕೇಳಿದಾಗ ಬಾಯಿ ಮುಚ್ಚಿಕೊಂಡವಳು ನಾನೇ. ಮಾಂಸ ಎನ್ನಲು ಅವರಿಗೆ ನಾಚಿಕೆ, ಕುರುಬರು ಎನ್ನಲು ನನಗೆ ನಾಚಿಕೆ, ಇಬ್ಬರ ನಾಚಿಕೆಯೂ ಸೇರಿ ಒಬ್ಬ ಹಿರಿಯರ ಆಚಾರ ಕೆಡುವುದರಲ್ಲಿತ್ತು. ಇದಕ್ಕಿಂತ ಜಗಳಗಂಟಿಯಾಗುವುದೇ ವಾಸಿ.

ಮರುವರ್ಷದ ಪಿಕ್ನಿಕ್ಕಿಗೆ ಚೀಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋದೆ. ‘ಕುರುಬರ ಪೈ. ಒಳಗೆ ಕುರಿ ಮಾಂಸ. ಮಾಡಿದವಳು ಕುರುಬರ ನೀಲವ್ವ.’ ಅಕ್ಷರ ಕಾಗೆ ಕಾಲು, ಆದರೆ ದೊಡ್ಡದು. ಸುಶೀಲಕ್ಕ ಓದಿದರು. ಆಮೇಲೆ ಪೆನ್ನು ತೆಗೆದು ಪಕ್ಕದ ಟ್ರೇಯ ಮೇಲಿನ ‘ರೈಸ್ ಸ್ಪೆಷಲ್’ ಹೊಡೆದುಹಾಕಿ ‘ಕೋಳಿ ಪಲಾವು’ ಎಂದು ತಿದ್ದಿದರು. ಮೇಜು ಮಾತ್ರ ಅದೇ ಮರದಡಿ ಇತ್ತು. ಇರಲಿ, ಅಲ್ಲೂ ನೆರಳು ಚೆನ್ನಾಗಿತ್ತು.

ಮಿಸೆಸ್ ಹಾರ್ಪರ್ ಅವರನ್ನೂ ಆ ಸಲ ಕರೆದುಕೊಂಡು ಹೋಗಿದ್ದೆ. ಚೀಟಿಯಲ್ಲಿ ಏನಿದೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಓದಿದೆ, ಒಂಬತ್ತು ವರ್ಷದ ರೂಪಾ ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಕನ್ನಡಕದ ಮೇಲಿನಿಂದ ನೋಡಿ, ಅಷ್ಟು ಖಾರ ಹಾಕಿದರೆ ಶೆಪರ್ಡ್ಸ್ ಪೈ ಹೇಗಾಗುತ್ತದೆ ಎಂದು ಮತ್ತೆ ಶುರು ಮಾಡಿದರು. ನಾನು ಸೆರಗು ಸಿಕ್ಕಿಸುವಷ್ಟರಲ್ಲಿ ರೂಪಾ ಸೊಂಟದ ಮೇಲೆ ಕೈಯಿಟ್ಟು ಅವರ ಮುಂದೆ ನಿಂತಳು.

“ಎಕ್ಸ್‌ಕ್ಯೂಸ್ ಮಿ, ಮಿಸೆಸ್ ಹಾರ್ಪರ್. ನಮ್ಮ ಮುತ್ತಜ್ಜ ಹ್ಯಾಡ್ ಫೈವ್ ಹಂಡ್ರೆಡ್ ಶೀಪ್!”

ಇದ್ದದ್ದು ನೂರಿಪ್ಪತ್ತು. ನಾನು ತಿದ್ದಲಿಲ್ಲ.